ಚಹಾದ ಗುತ್ತಾ

ಯಾದಗಿರಿಯಿಂದ ಬರುವ ದಾರಿ ಶಹಾಪುರ ಹೊಕ್ಕು ಸುರಪುರದ ಕಡೆ ಹೊರಳುವ ಜಾಗದಲ್ಲಿ ಒಂದು ಬೇವಿನ ಮರ. ಅದರ ಬುಡಕ್ಕೆ ಮೋನಮ್ಮನ ಚಹಾದಂಗಡಿ. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೆ ಜೋಳದ ಕಣಿಕೆಯ ಹೊದಿಕೆ, ಒಂದು ಒಲೆ, ಕೂರಲು ಎರಡು ಹಾಸುಗಲ್ಲು. ಹೆಸರಿನ ಹಲಗೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೋಟಾರಿನಿಂದ ಇಳಿದವರು ಹೊಗೆ ನೋಡಿಕೊಂಡೇ ಬರುತ್ತಿದ್ದರು.

ಊರಲ್ಲಿ ಅವಳನ್ನು 'ಯಾಕವ್ವ' ಎಂದು ಕರೆಯುವವರೂ ಇದ್ದರು. ಕಂಡದ್ದಕ್ಕೆಲ್ಲ 'ಯಾಕ?' ಎನ್ನುವುದು ಅವಳ ಚಾಳಿ. ಮೋಟಾರಿನ ಡ್ರೈವರನಿಗೆ, "ಧೂಳು ಹಿಂದ ಏಳತೈತಿ, ಮುಂದ ಯಾಕ ಏಳಂಗಿಲ್ಲಪ?" ಎಂದು ಕೇಳಿದ್ದಳು. ಮೊದಲನೆಯ ಚುನಾವಣೆಗೆ ಕೈಮುಗಿದು ಬಂದ ಸಾಹುಕಾರರಿಗೆ, "ನಮ್ಮ ಚೀಟಿ ಪೆಟ್ಟಿಗ್ಯಾಗ ಹಾಕಿಸಿಕೊಂತೀರಿ. ಕೆಲಸ ಆಗಲಿಲ್ಲಂದ್ರ ನಮ್ಮ ಚೀಟಿ ನಮಗ ತಿರುಗಿ ಕೊಡತೀರೇನ್ರಿ?" ಎಂದಿದ್ದಳು. ಅವರು ನಕ್ಕು ಮುಂದೆ ಹೋದರು. ಆ ಪ್ರಶ್ನೆಗೆ ಉತ್ತರ ಈವತ್ತಿಗೂ ಯಾರೂ ಕೊಟ್ಟಿಲ್ಲ.

ಗಂಡ ಹುಲಗಪ್ಪ ಕುರಿ, ಆಡು ಹೊಡೆದುಕೊಂಡು ಗುಡ್ಡದ ಬಗಲಲ್ಲಿ ತಿರುಗುವವನು. ಮನೆಯಲ್ಲಿ ನಿಲ್ಲುವ ಜಾತಿಯಲ್ಲ. ಆದರೆ ದಿನಾ ಬೆಳಿಗ್ಗೆ ಎಲ್ಲಿದ್ದರೂ ಒಂದು ತಂಬಿಗೆ ಆಡಿನ ಹಾಲು ತಂದು ಒಲೆಯ ಪಕ್ಕ ಇಟ್ಟು, ಒಂದು ಚಹಾ ಕುಡಿದು, ಎರಡು ಮಾತು ಜಗಳವಾಡಿ ಹೋಗುತ್ತಿದ್ದ. ಆ ಹಾಲು, ಬೆಲ್ಲ, ಜಜ್ಜಿದ ಶುಂಠಿ ಎಲ್ಲವನ್ನೂ ಕೂಡಿಸಿ ಮೋನಮ್ಮ ಚಹಾ ಕುದಿಸಿದರೆ ಅದು ಕೆಂಪುಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಸಂತೆಗೆ ಬಂದ ಕುರಿಗಾರರು 'ಒಂದರಾಗ ಎರಡು' ಎನ್ನುತ್ತಿದ್ದರು. ಒಂದೇ ಚಹಾ, ಕಪ್ಪಿನಲ್ಲಿ ಉಳಿದದ್ದು ಒಬ್ಬನಿಗೆ, ಬಸಿಗೆ ಸುರಿದದ್ದು ಇನ್ನೊಬ್ಬನಿಗೆ. ಬಸಿ ಹಿಡಿದವನಿಗೆ ಒಂದು ಗುಟುಕು ಹೆಚ್ಚೇ ಬೀಳುವಂತೆ ಅವಳು ಕೈ ಓರೆ ಮಾಡುತ್ತಿದ್ದಳು.

ಅಂಗಡಿಯ ಹಿಂದಿನ ಮುಳ್ಳುಬೇಲಿಗೆ ನಾಲ್ಕು ತೆಂಗಿನ ಚಿಪ್ಪು ಸಿಕ್ಕಿಸಿದ್ದವು. ಕಪ್ಪು ಮುಟ್ಟಬಾರದವರು ಆ ಚಿಪ್ಪು ತೆಗೆದುಕೊಂಡು, ದೂರ ಕುಕ್ಕರುಗಾಲಲ್ಲಿ ಕೂತು, ಚಹಾವನ್ನು ಮೇಲಿನಿಂದ ಅದಕ್ಕೆ ಸುರಿಸಿಕೊಂಡು ಕುಡಿದು, ತೊಳೆದು ಮತ್ತೆ ಸಿಕ್ಕಿಸಿ ಹೋಗುತ್ತಿದ್ದರು. ಮೋಟಾರಿನ ಧೂಳಿಗೂ ಯಾಕ ಎಂದು ಕೇಳಿದ ಮೋನಮ್ಮ ಆ ಚಿಪ್ಪುಗಳ ಬಗ್ಗೆ ಒಂದು ದಿನವೂ ಯಾಕ ಎಂದವಳಲ್ಲ. ಒಳ್ಳೆಯವಳು ಎಂದು ಅವಳ ಕಥೆ ಹೇಳಹೊರಟ ಮಾತ್ರಕ್ಕೆ ಇದನ್ನು ಬಚ್ಚಿಡುವುದು ಸರಿಯಲ್ಲ.

ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷ ಕಳೆದಿತ್ತು. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು. ಒಂದು ದಿನ ಹುಬ್ಬಳ್ಳಿ ಕಡೆಯಿಂದ ಒಂದು ಜೀಪು ಬಂದು ಬೇವಿನ ಮರದ ಕೆಳಗೆ ನಿಂತಿತು. ಬಾಗಿಲ ಮೇಲೆ ಎರಡು ಬಿಳಿ ಹಕ್ಕಿಗಳ ಚಿತ್ರ. ಇಳಿದವನು ಜೋಡು ಹಂಸ ಚಹಾ ಕಂಪನಿಯ ಸಾಹೇಬ; ಪ್ಯಾಂಟು, ಟೊಪ್ಪಿಗೆ, ಬಗಲಲ್ಲಿ ಚರ್ಮದ ಚೀಲ. ಹಾಸುಗಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತು ಚಹಾ ಕುಡಿದ. ಕುಡಿದವನು ಬರುವ ಹೋಗುವ ಜನರನ್ನು ಒಂದು ತಾಸು ಲೆಕ್ಕ ಹಿಡಿದ. ಆಮೇಲೆ ಬಾಯಿ ಬಿಟ್ಟ.

"ಅವ್ವಾರ, ನಿಮ್ಮ ಚಹಾ ಚಲೋ ಐತಿ. ಆದ್ರ ಹೆಸರಿಲ್ಲ. ನಮ್ಮ ಹೆಸರು ತಗೋರಿ."

"ಹೆಸರ ಮಾರತೀರೇನ್ರಿ ನೀವು?" ಮೋನಮ್ಮನಿಗೆ ಬೆರಗು. "ನಮ್ಮಲ್ಲಿ ತೊಟ್ಟಿಲಾಗ ಹಾಕಿ ಪುಕ್ಕಟೆ ಇಡತಾರ."

ಸಾಹೇಬ ನಕ್ಕ. ನಕ್ಕು ವಿವರಿಸಿದ. ಇದಕ್ಕೆ ಏಜೆನ್ಸಿ ಅನ್ನುತ್ತಾರೆ. ಕಣಿಕೆ ತೆಗೆದು ತಗಡು ಹಾಕಿಸಿ ಕೊಡುತ್ತಾರೆ. ಬಿಳಿ ಕಪ್ಪು, ಮೇಜು, ಹಸಿರು ಬಣ್ಣ, ದೊಡ್ಡ ಹಲಗೆ ಎಲ್ಲಾ ಕಂಪನಿಯದು. ಮೋನಮ್ಮ ಠೇವಣಿ ಕಟ್ಟಬೇಕು; ಅದೂ ಕಲ್ದಾರ, ಅಂದರೆ ಭಾರತ ಸರಕಾರದ ರೂಪಾಯಿಯಲ್ಲಿ, ನಿಜಾಮನ ಹಾಲಿ ಸಿಕ್ಕಾ ನಡೆಯುವುದಿಲ್ಲ. ಕಂಪನಿಯ ಪುಡಿ ಬಿಟ್ಟು ಬೇರೆ ಪುಡಿ ಮುಟ್ಟಬಾರದು. ಹದಿನಾಲ್ಕು ನೇಮ ಇವೆ, ಪಾಲಿಸಬೇಕು. ಚಹಾ ಕುದಿಸಬಾರದು, ಬಿಸಿನೀರು ಪುಡಿಯ ಮೇಲೆ ಸುರಿದು ಮುಚ್ಚಿಡಬೇಕು. ಆಡಿನ ಹಾಲು ಕೂಡದು. ಒಂದರಾಗ ಎರಡು ಕೂಡದು. ಬಂದವರಿಗೆಲ್ಲ ಒಂದೇ ನಮೂನೆಯ ಕಪ್ಪು.

ಮೋನಮ್ಮನ ಕೈ ನಿಂತಿತು. "ಎಲ್ಲಾರಿಗೂ ಅಂದ್ರ ಎಲ್ಲಾರಿಗೂ ಏನ್ರಿ?"

"ಎಲ್ಲಾರಿಗೂ. ಹಂಗ ಬರದೈತಿ."

ಅವಳ ಕಣ್ಣು ಬೇಲಿಯ ಕಡೆ ಹೋಗಿ ಬಂತು. ಸಾಹೇಬ ಅದನ್ನು ಗಮನಿಸಲಿಲ್ಲ. ಚೀಲದಿಂದ ಇಂಗ್ಲಿಷಿನ ಕರಾರು ಪತ್ರ ತೆಗೆದು ಕೈಗಿಟ್ಟ. "ಎರಡನೇ ಸಂತಿಗೆ ಬರತೀನಿ. ಇಲ್ಲಿ ಹೊಸಾ ಮೋಟಾರ್ ನಿಲ್ದಾಣ ಆಗತದ, ಗೊತ್ತದನ? ಅದರ ಬಾಗಿಲದಾಗಿನ ಜಾಗ ಕಂಪನಿಗೆ ಸಿಕ್ಕದ. ನೀವು ಹೂಂ ಅಂದ್ರ ನಿಮಗ. ಇಲ್ಲಂದ್ರ ಮತ್ತೊಬ್ಬರಿಗೆ."

ಜೀಪು ಹೋದ ಮೇಲೆ ಮೋನಮ್ಮ ಲೆಕ್ಕ ಹಾಕಿದಳು. ನಿಲ್ದಾಣ ಆಚೆ ಹೋದರೆ ಬೇವಿನ ಮರದ ಬುಡದಲ್ಲಿ ಯಾರು ಇಳಿಯುತ್ತಾರೆ? ಹೂಂ ಅಂದರೆ ತಗಡಿನ ಅಂಗಡಿ, ಅಂದರೆ ಮಳೆಗಾಲದಲ್ಲಿ ಒಲೆ ಆರದ ಅಂಗಡಿ. ಊಹೂಂ ಅಂದರೆ ಹದಿನೈದು ವರ್ಷ ಕಟ್ಟಿದ್ದು ಉಳಿಯುತ್ತದೋ ಇಲ್ಲವೋ.

ಮರುದಿನ ಹಾಲು ತಂದ ಹುಲಗಪ್ಪ ಎಲ್ಲಾ ಕೇಳಿಸಿಕೊಂಡ. "ಹತ್ತು ಟಗರು ಮಾರಿದ್ರ ಠೇವಣಿ ಆದೀತು. ಅದಕ್ಕೇನು. ಆದ್ರ ಆಡಿನ ಹಾಲು ಬ್ಯಾಡಂದ್ರ ನಾ ಮುಂಜಾನೆದ್ದು ಇಲ್ಲಿಗೆ ಯಾಕ ಬರಲಿ?"

"ಹೇಣ್ತಿ ಮುಖ ನೋಡಾಕ ಬರ್ರಿ."

"ಅದನ್ನ ಹದಿನಾಲ್ಕು ನೇಮದಾಗ ಬರದಾರೇನು?" ಎಂದು ಕಂಬಳಿ ಕೊಡವಿ ಎದ್ದುಹೋದ.

ಕರಾರು ಓದಿಸಲು ಅವಳು ಹೋದದ್ದು ಲಾಡ್ಲೇಸಾಬನ ಹತ್ತಿರ. ತಹಸೀಲ ಕಚೇರಿಯ ಮುಂದೆ ಚಾಪೆ ಹಾಸಿ ಉರ್ದುವಿನಲ್ಲಿ ಅರ್ಜಿ ಬರೆದು ಬದುಕಿದ ಮುದುಕ. ಈಗ ಕಚೇರಿಗೆ ಉರ್ದು ಬೇಡವಾಗಿತ್ತು. ಲಾಡ್ಲೇಸಾಬ ಮೊಮ್ಮಕ್ಕಳ ಪುಸ್ತಕ ಇಟ್ಟುಕೊಂಡು ಇಂಗ್ಲಿಷ್ ಕಲಿಯುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆರಳಿಟ್ಟು, ಮೊದಲನೆಯ ಸಾಲು ಓದಿದ.

"ಸೋಲ್... ಸೋಲ್ ಏಜೆನ್ಸಿ."

"ಸೋಲು? ಮೊದಲನೇ ಸಾಲಿನಾಗ ಸೋಲು ಅಂತ ಯಾಕ ಬರದಾರ ಮಾಮಾ?"

"ಅರೇ, ಆ ಸೋಲಲ್ಲಬೇ. ಸೋಲ್ ಅಂದ್ರ ಒಬ್ಬರಿಗೇ, ಪೂರಾ. ಏಜೆನ್ಸಿ ಅಂದ್ರ..." ಅವನು ಆಕಾಶ ನೋಡಿದ. ಬದುಕಿಡೀ ಬರೆದ ಅರ್ಜಿಗಳಲ್ಲಿ ಅದಕ್ಕೆ ಹತ್ತಿರದ ಮಾತು ಒಂದೇ ಸಿಕ್ಕಿತು. "ಗುತ್ತಾ! ಶಹಾಪುರ ತಾಲೂಕಿನ ಚಹಾದ ಪೂರಾ ಗುತ್ತಾ ನಿನಗ ಕೊಡಾಕತ್ತಾರ ಮೋನವ್ವ. ಮುಬಾರಕ್!"

ಗುತ್ತಾ ಅಂದರೆ ಏನೆಂದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿತ್ತು. ಸರಕಾರಕ್ಕೆ ಹಣ ಕಟ್ಟಿ ಸೇಂದಿಯ ಗುತ್ತಾ ಹಿಡಿದವನು ಸೇಂದಿಗೆಲ್ಲ ದೊರೆ. ಹೊಲ ನಿನ್ನದು, ಹೊಲದ ಬದುವಿನ ಈಚಲ ಗಿಡ ನಿನ್ನದು, ಗಿಡದ ರಸ ಮಾತ್ರ ಗುತ್ತೇದಾರನದು. ಅವನ ಆಳುಗಳು ಯಾರ ಮನೆಗಾದರೂ ನುಗ್ಗಿ ಗಡಿಗೆಯ ಬಾಯಿಗೆ ಮೂಗಿಟ್ಟು ಮೂಸಬಹುದಿತ್ತು. ನಾಲ್ಕು ಜನ ಚಾಪೆಯ ಸುತ್ತ ನಿಂತು ಕೇಳಿದ್ದರು. ಸಂಜೆಯ ಹೊತ್ತಿಗೆ ಸುದ್ದಿ ಊರೆಲ್ಲ ಸುತ್ತಿತು: ಮೋನಮ್ಮ ಚಹಾದ ಗುತ್ತಾ ಹಿಡಿದಳಂತೆ.

ಮಾರನೆಯ ದಿನ ಮಧ್ಯಾಹ್ನ ಚಮನಬೀ ಬಂದಳು. ಬಂಡಿಗಳು ಬಿಡುವ ಬಯಲಲ್ಲಿ ಒಂದು ಕೆಟಲಿ, ಮೂರು ಕಪ್ಪು ಇಟ್ಟುಕೊಂಡು ಚಹಾ ಮಾರುವ ಹೆಂಗಸು. ಆಕ್ಷನ್ನಿನ ವಾರ ಹೊಲಕ್ಕೆ ಹೋದ ಅವಳ ಗಂಡ ತಿರುಗಿ ಬರಲಿಲ್ಲ. ಯಾರು, ಏನು ಎಂದು ಊರಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಊರು ಅದನ್ನು 'ಗಡಬಡಿ' ಎಂದು ಕರೆದು ಬಾಯಿ ಒರೆಸಿಕೊಂಡಿತು. ಅವಳಿಗೆ ಮೊದಲ ಕೆಟಲಿ ಕೊಡಿಸಿದವಳು ಮೋನಮ್ಮ. ಇಬ್ಬರೂ ಹಾಲು ಒಡೆದ ದಿನ ಒಬ್ಬರಿಗೊಬ್ಬರು ಹಾಲು ಕೊಡುವವರು, ಸಿಕ್ಕಾಗೆಲ್ಲ ಜಗಳವಾಡುವವರು. ಮೋನಮ್ಮನಿಗೆ ಅವಳು 'ಆಪಾ', ಅಕ್ಕ. 'ಏ ಮೋನಿ' ಎಂದೇ ಕರೆಯುವ ಚಮನಬೀ ಇವತ್ತು ಹಾಸುಗಲ್ಲಿನ ಮೇಲೆ ಕೂರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತೇ ಇದ್ದಳು.

"ಮೋನಮ್ಮನೋರ, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

ಮೋನಮ್ಮ ಹಿಂದೆ ತಿರುಗಿ ನೋಡಿದಳು, ಬೇರೆ ಯಾವ ಮೋನಮ್ಮನೋ ಬಂದಿದ್ದಾಳೆ ಎನ್ನುವಂತೆ. "ಏನಾಗೈತಿ ಆಪಾ ನಿನಗ? ಯಾರಿಗೆ 'ನೀವು' ಅನ್ನಾಕತ್ತಿ?"

"ಗುತ್ತಾ ಹಿಡದೋರಿಗೆ ಹಂಗ ಅನ್ನಬೇಕಲ್ರಿ. ನಾ ನಾಳಿಂದ ಕೆಟಲಿ ಇಡಲೋ ಬ್ಯಾಡೋ ಹೇಳಿಬಿಡ್ರಿ. ಇಡು ಅಂದ್ರ ದಿನಕ್ಕ ನಿಮಗೇನು ಕೊಡಬೇಕು, ಅದನ್ನೂ ಹೇಳ್ರಿ. ನಿಮ್ಮ ಆಳುಗಳು ಬಂದು ಒದಿಯೋಕಿಂತ ನಾನಾ ಬಂದು ಕೇಳೋದು ಚಲೋ ಅಂತ ಬಂದೀನಿ."

ಮೋನಮ್ಮನಿಗೆ ತನ್ನ ಅಪ್ಪ ನೆನಪಾದ. ತನ್ನದೇ ಬದುವಿನ ಈಚಲಿಗೆ ಗಡಿಗೆ ಕಟ್ಟಿದ್ದಕ್ಕೆ ಗುತ್ತೇದಾರನ ಆಳುಗಳು ಗಡಿಗೆ ಒಡೆದು, ಅದರ ಕಂಠವನ್ನು ಅವನ ಕೊರಳಿಗೆ ಹಾಕಿ, ಚಾವಡಿಯ ಮುಂದೆ ದಿನವಿಡೀ ನಿಲ್ಲಿಸಿದ್ದರು. ಅವಳಿಗೆ ಆಗ ಏಳು ವರ್ಷ. 'ಯಾಕ?' ಎಂದು ಮೊದಲ ಸಲ ಅವಳು ಕೇಳಿದ್ದು ಅವತ್ತೇ. ಅಪ್ಪ ಗಡಿಗೆಯ ಕಂಠ ತೆಗೆದ ಮೇಲೂ ತಲೆ ಎತ್ತಲಿಲ್ಲ.

"ಕೂಡು ಆಪಾ," ಎಂದಳು. ಚಮನಬೀ ಕೂರಲಿಲ್ಲ. "ನಾ ಇನ್ನೂ ಏನೂ ಹಿಡದಿಲ್ಲ. ಹಿಡಿಯೋದಕ್ಕಿಂತ ಮೊದಲ ಅದೇನಂತ ನೋಡಿ ಬರತೀನಿ. ಅಲ್ಲಿ ತನಕ ಕೆಟಲಿ ಇಡು."

"ಆಗಲಿ ಬಿಡ್ರಿ," ಎಂದು ಚಮನಬೀ ಹೊರಟಳು. ಆ 'ರಿ' ಮೋನಮ್ಮನ ಕಿವಿಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಬೆಳಗಿನ ಮೋಟಾರು ಹಿಡಿದು ಅವಳು ಯಾದಗಿರಿಗೆ ಹೋದಳು. ಸ್ಟೇಷನ್ ಎದುರು ಜೋಡು ಹಂಸದ ಹಲಗೆ ಹಾಕಿಕೊಂಡು ವರ್ಷವಾಗಿದ್ದ ನೀಲಕಂಠಪ್ಪನ ಅಂಗಡಿಯಿತ್ತು. ನೀಲಕಂಠಪ್ಪ ತಂದೆಯ ಕಾಲದಿಂದ ಚಹಾ, ಫರಾಳದ ವ್ಯಾಪಾರ ಮಾಡಿದ ಲಿಂಗಾಯತರವನು. ಅವನಂಗಡಿಯ ಶೇಂಗಾ ಉಂಡೆಗೆ ರೈಲಿನವರೂ ಇಳಿದು ಬರುತ್ತಿದ್ದರು. ಮೋನಮ್ಮ ತಾನು ಯಾರೆಂದು ಹೇಳದೆ ಒಂದು ಮೂಲೆಯಲ್ಲಿ ಕೂತಳು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಐದು ಚಹಾ ಕುಡಿದಳು.

ಹಸಿರು ಗೋಡೆ, ಬಿಳಿ ಕಪ್ಪು, ಹಕ್ಕಿಗಳ ಹಲಗೆ. ಚಂದವೇ ಇತ್ತು. ಶೇಂಗಾ ಉಂಡೆ ಇರಲಿಲ್ಲ. ಕಂಪನಿಯ ಬಿಸ್ಕೀಟು ಇತ್ತು. ಹಲಗೆಯ ಮೇಲೆ ನೀಲಕಂಠಪ್ಪನ ಹೆಸರೂ ಇರಲಿಲ್ಲ. ಕೂಲಿಯವನೊಬ್ಬ ಬಂದು, "ಏ ಬಾತುಕೋಳಿ, ಒಂದು ಚಹಾ!" ಎಂದು ಕೂಗಿದ. ಅಷ್ಟು ದೊಡ್ಡ ಸಾಹುಕಾರ ಆ ಹೆಸರಿಗೆ 'ಹೂಂ' ಎಂದು ಓಗೊಟ್ಟ.

ಚಹಾ ಮಾತ್ರ ಕುದಿಸಿದ್ದೇ. ನಾಲಿಗೆಗೆ ಗೊತ್ತಾಯಿತು. ಮೋನಮ್ಮ ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋದಳು. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಹಾಲು, ಬೆಲ್ಲ, ಪುಡಿ ಕೂಡಿ ಕುದಿಯುತ್ತಿತ್ತು. ಕುದಿದದ್ದನ್ನು ಕಂಪನಿಯ ಚೀನಿ ಕೆಟಲಿಗೆ ಸುರಿದು ಮುಂದಕ್ಕೆ ಕಳಿಸುತ್ತಿದ್ದರು. ಗೋಡೆಯ ಮೊಳೆಗಳಿಗೆ ಆರು ತಗಡಿನ ಡಬ್ಬಿ ನೇತಾಡುತ್ತಿದ್ದವು.

"ಇವು ಯಾಕ ಯವ್ವಾ?" ಎಂದು ಪಾತ್ರೆ ತೊಳೆಯುತ್ತಿದ್ದ ಮುದುಕಿ ಚಂದಮ್ಮನನ್ನು ಕೇಳಿದಳು. "ಎಲ್ಲಾರಿಗೂ ಒಂದಾ ಕಪ್ಪು ಅಂತಲ್ಲ ನೇಮ?"

ಚಂದಮ್ಮ ಮೇಲಿನಿಂದ ಕೆಳಗೆ ನೋಡಿದಳು. "ನಿಮ್ಮ ಊರಾಗ ಇವು ಇಲ್ಲೇನು? ನೇಮ ಮುಂದಿನ ಗ್ವಾಡಿಮ್ಯಾಲೈತಿ. ಡಬ್ಬಿ ಹಿಂದಿನ ಗ್ವಾಡಿಮ್ಯಾಲದಾವ. ಕಂಪನಿಯವರು ಬಂದ ದಿನ ಡಬ್ಬಿ ನನ್ನ ಬುಟ್ಟ್ಯಾಗ ಹೋಗತಾವ. ಅವರೂ ಹಿತ್ತಲಕ ಇಣುಕಂಗಿಲ್ಲ."

ಮೋನಮ್ಮನಿಗೆ ತನ್ನ ಬೇಲಿಯ ಚಿಪ್ಪುಗಳು ನೆನಪಾದವು. ಕೇಳಿದ ಪ್ರಶ್ನೆ ತಿರುಗಿ ಅವಳಿಗೇ ಬಡಿದಿತ್ತು.

ಅಷ್ಟರಲ್ಲಿ ನೀಲಕಂಠಪ್ಪ ಹಿತ್ತಲಿಗೆ ಬಂದ. "ಯಾರವ್ವಾ ನೀ? ಮುಂಜಾನಿಂದ ನೋಡಾಕತ್ತೀನಿ. ಕಂಪನಿ ಕಡೇಕಿ ಏನು?"

"ಅಲ್ರೀ ಯಪ್ಪಾ. ನನಗೂ ಇದನ್ನ ಕೊಡತೀನಿ ಅಂದಾರ. ಶಹಾಪುರದಾಗ."

ಅವನ ಮುಖ ಸಡಿಲಾಯಿತು. ಸ್ಟೂಲು ಎಳೆದುಕೊಂಡು ಕೂತ. ಮಂದಿ ಬರತಾರೆ, ವ್ಯಾಪಾರ ಸುಳ್ಳಲ್ಲ ಎಂದ. ಅಧಿಕಾರಿಗಳು, ರೈಲಿನ ಬಾಬುಗಳು ಮೊದಲು ಒಳಗೇ ಬರುತ್ತಿರಲಿಲ್ಲ, ಈಗ ಬರುತ್ತಾರೆ ಎಂದ. ಹೇಳುತ್ತಾ ಹೇಳುತ್ತಾ ದನಿ ಇಳಿಯಿತು.

"ನಮ್ಮ ಅಪ್ಪನ ಶೇಂಗಾ ಉಂಡಿ ತಗಸಿದ್ರು, ಅದೊಂದು ಸುಡತೈತಿ."

"ಮತ್ತ ಬಿಟ್ಟಬಿಡ್ರಿ ಯಪ್ಪಾ. ಹಲಿಗಿ ಇಳಿಸಿ ಮೊದಲಿನಂಗ ಮಾರ್ರಿ. ಯಾಕ ಬಿಡವಲ್ರಿ?"

ನೀಲಕಂಠಪ್ಪ ನಕ್ಕ ನಗೆಯಲ್ಲಿ ನಗು ಇರಲಿಲ್ಲ. "ಬಿಟ್ಟ ಮ್ಯಾಲ ಮೂರು ವರ್ಷ ಈ ತಾಲೂಕಿನಾಗ ನಾ ಚಹಾದ ಒಲಿ ಹಚ್ಚಂಗಿಲ್ಲವ್ವ. ಹದಿಮೂರನೇ ನೇಮ. ಸಹಿ ಹಾಕುಮುಂದ ಓದಿದ್ದಿಲ್ಲ. ಏಜೆನ್ಸಿ ಅಂದಕೂಡ್ಲೆ ಗುತ್ತಾ ಸಿಕ್ತು ಅಂತ ಹಿಗ್ಗಿದ್ದೆ, ನಾನೂ."

ತಿರುಗಿ ಬರುವ ಮೋಟಾರಿನಲ್ಲಿ ಭೀಮಾ ನದಿ ದಾಟುವಾಗಲೂ ಅವಳು ಹೊರಗೆ ನೋಡಲಿಲ್ಲ. ಇಳಿದವಳು ಮನೆಗೆ ಹೋಗದೆ ನೇರ ಲಾಡ್ಲೇಸಾಬನ ಚಾಪೆಗೆ ಬಂದಳು.

"ಮಾಮಾ, ಮೊದಲನೇ ಸಾಲು ಸಾಕು. ಹದಿಮೂರನೇದು ಓದು."

ಮುದುಕ ಬೆರಳಿಟ್ಟು ಓದಿದ. ನೀಲಕಂಠಪ್ಪ ಹೇಳಿದ್ದೇ ಇತ್ತು. ಅವಳು ಬಿಡಲಿಲ್ಲ, ಒಂದೊಂದಾಗಿ ಹಿಂದಕ್ಕೆ ಓದಿಸಿದಳು. ಹನ್ನೊಂದನೆಯದರಲ್ಲಿ ಮುದುಕನ ದನಿ ತಡವರಿಸಿತು: ಸುತ್ತಮುತ್ತ ಬಿಡಿ ಪುಡಿಯ ಚಹಾ ಮಾರುವವರ ಹೆಸರು, ಜಾಗ ಏಜೆಂಟರು ತಿಂಗಳಿಗೊಮ್ಮೆ ಕಂಪನಿಗೆ ಬರೆದು ಕಳಿಸಬೇಕು. ಮೊದಲನೆಯ ಸಾಲಿಗೆ ಬಂದಾಗ ಅವನು ಕನ್ನಡಕ ತೆಗೆದು ಒರೆಸಿದ.

"ಮೋನವ್ವ, ನಾ ತಪ್ಪು ಹೇಳಿದ್ದೆ. ಅವರ ಪುಡಿಯನ್ನ ಈ ತಾಲೂಕಿನಾಗ ನಿನಗ ಒಬ್ಬಾಕಿಗೇ ಕೊಡತಾರ, ಅಷ್ಟಾ. ಬಾಕಿ ಮಂದಿ ತಮ್ಮ ಚಹಾ ತಾವು ಮಾರಬಹುದು. ಗುತ್ತಾ ಅಲ್ಲ ಇದು."

ಮೋನಮ್ಮ ಆ ಕಾಗದದ ಮೇಲಿನ ಹಕ್ಕಿಗಳ ಮೇಲೆ ಬೆರಳಿಟ್ಟಳು.

"ಗುತ್ತಾನ ಮಾಮಾ. ನೀ ಹೇಳಿದ್ದು ಖರೇನ ಇತ್ತು. ಗುತ್ತೇದಾರ ಯಾರು ಅನ್ನೋದನ್ನ ಅಷ್ಟಾ ತಪ್ಪು ಓದಿದಿ. ಹೊಲ ನಂದು, ಒಲಿ ನಂದು, ಮೈ ನಂದು. ನಾ ಹಲಿಗಿ ಇಳಿಸಿದ್ರೂ ನನ್ನ ಒಲಿ ಅವರು ಮೂರು ವರ್ಷ ಆರಸಬಹುದು. ಚಮನಾಪಾನ ಗಡಗಿ ನಾ ಮೂಸಬೇಕು, ಮೂಸಿ ಅವರಿಗೆ ಬರೀಬೇಕು. ಗುತ್ತೇದಾರ ಕಂಪನಿ. ನಾ ಈಚಲ ಗಿಡ."

ಲಾಡ್ಲೇಸಾಬ ಕಾಗದ ಮಡಚಿ ಅವಳ ಕೈಗಿಟ್ಟ. ರಾಜ್ಯ ಹೋಯಿತು, ಗುತ್ತಾ ಹೋಯಿತು ಎಂದು ಭಾಷಣ ಮಾಡಿದವರು ಅದೇ ತಹಸೀಲ ಕಚೇರಿಯ ಮೆಟ್ಟಿಲ ಮೇಲೆ ನಿಂತು ಮಾಡಿದ್ದರು. ಗುತ್ತಾ ಇಂಗ್ಲಿಷ್ ಕಲಿತು ಜೀಪಿನಲ್ಲಿ ಬರಬಹುದೆಂದು ಅವರಲ್ಲಿ ಒಬ್ಬರೂ ಹೇಳಿರಲಿಲ್ಲ.

ಎರಡನೆಯ ಸಂತೆಯ ದಿನ ಸಾಹೇಬ ಬಂದ. ಈ ಸಲ ಹಲಗೆಯನ್ನೂ ಜೀಪಿನಲ್ಲಿ ಹೇರಿಕೊಂಡೇ ಬಂದಿದ್ದ. ಮೋನಮ್ಮ ಚಹಾ ಕೊಟ್ಟು ಎದುರಿಗೆ ಕೂತಳು.

"ಹದಿಮೂರನೇದು, ಹನ್ನೊಂದನೇದು ಹೊಡದು ಹಾಕ್ರಿ. ಹಾಲು ನನ್ನ ಗಂಡ ತರೋದಾ ಇರಲಿ. ಕುರಿಗಾರರಿಗೆ ಒಂದರಾಗ ಎರಡು ಇರಲಿ. ಬಾಕಿ ಎಲ್ಲಾ ಒಪ್ಪತೀನ್ರಿ."

"ಅವ್ವಾರ, ಕರಾರು ಅಂದ್ರ ಸಂತ್ಯಾಗಿನ ಬದನಿಕಾಯಿ ಅಲ್ಲ, ಆರಿಸಿ ತಗೊಳ್ಳಾಕ. ತಗೊಂಡ್ರ ಪೂರಾ ತಗೋಬೇಕು."

"ಬದನಿಕಾಯಿನ ಹೊರಳಿಸಿ ಹುಳ ನೋಡತೀವ್ರಿ. ಇದನ್ನ ಯಾಕ ನೋಡಬಾರದು?"

ಸಾಹೇಬ ಚಹಾ ಮುಗಿಸಿ ಕಪ್ಪು ಕೆಳಗಿಟ್ಟ. "ನಿಲ್ದಾಣದಾಗ ಮತ್ತೊಬ್ಬರು ಬರತಾರ. ಆಮ್ಯಾಲ ಅಳಬ್ಯಾಡ್ರಿ."

"ಅತ್ತರೂ ನನ್ನ ಅಂಗಡ್ಯಾಗ ಅಳತೀನಲ್ರಿ," ಎಂದಳು. ಅವನಿಟ್ಟ ಕಪ್ಪು ಎತ್ತಿಕೊಂಡಳು. "ಒಂದ ಮಾತು. ಎಲ್ಲಾರಿಗೂ ಒಂದಾ ಕಪ್ಪು ಅನ್ನೋ ನೇಮ ಐತಲ್ಲ, ಅದೊಂದನ್ನ ನಾ ಇಟ್ಟುಕೊಂತೀನಿ. ಅದಕ್ಕ ಠೇವಣಿ ಕಟ್ಟಬೇಕೇನ್ರಿ?"

ಸಾಹೇಬನಿಗೆ ಇದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಜೀಪು ಹಿಂದೆ ಧೂಳೆಬ್ಬಿಸಿಕೊಂಡು ಹೋಯಿತು.

ಅವಳು ಬೇಲಿಯ ಹತ್ತಿರ ಹೋಗಿ ನಾಲ್ಕೂ ಚಿಪ್ಪು ಕಿತ್ತು ತಂದು ಒಲೆಗೆ ಹಾಕಿದಳು. ಒಣಗಿದ ಚಿಪ್ಪು, ಚಟಚಟ ಹತ್ತಿಕೊಂಡವು. ಹಾಸುಗಲ್ಲಿನ ಮೇಲಿದ್ದ ಇಬ್ಬರು ಗೌಡರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋದರು. ಮತ್ತೆ ಬರಲಿಲ್ಲ. ಅವರ ಹಿಂದೆ ಇನ್ನೂ ಕೆಲವರು ಬರುವುದು ಬಿಟ್ಟರು. ಬೇಲಿಯ ಆಚೆ ಕೂರುತ್ತಿದ್ದವರೂ ಹಾಸುಗಲ್ಲಿನ ಹತ್ತಿರ ಬರಲು ತಿಂಗಳು ತೆಗೆದುಕೊಂಡರು. ಮೊದಲ ಸಲ ಕಪ್ಪು ಹಿಡಿದ ಮುದುಕನೊಬ್ಬ ಅದು ಎಲ್ಲಿ ಒಡೆದೀತೋ ಎಂದು ಎರಡೂ ಕೈಯಲ್ಲಿ ಹಿಡಿದಿದ್ದ. ಆರು ತಿಂಗಳಲ್ಲಿ ನಿಲ್ದಾಣ ಆಚೆ ಹೋಯಿತು. ಅದರ ಬಾಗಿಲಲ್ಲಿ ಹಂಸಗಳು ಬಂದು ಕೂತವು. ಬೇವಿನ ಮರದ ಕೆಳಗೆ ಜನ ಅರ್ಧವಾದರು. ಉಳಿದ ಅರ್ಧ ನಡೆದುಕೊಂಡು ಬರುತ್ತಿದ್ದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂತೆಯ ದಿನವೇ, ಜೀಪು ಹೋದ ಸ್ವಲ್ಪ ಹೊತ್ತಿಗೆ, ಚಮನಬೀ ಬಂದಳು. ಹಲಗೆ ಹೇರಿಕೊಂಡು ಬಂದ ಜೀಪು ಹಲಗೆ ಹೇರಿಕೊಂಡೇ ಹೋದದ್ದನ್ನು ಬಂಡಿಯ ಬಯಲಿನಿಂದ ನೋಡಿದ್ದಳು. ಬೇವಿನ ನೆರಳಿನ ಅಂಚಿನಲ್ಲಿ ನಿಂತಳು. ಮೋನಮ್ಮ ಒಂದು ಚಹಾ ಸೋಸಿ, ಅರ್ಧ ಬಸಿಗೆ ಸುರಿದು, ಬಸಿಯನ್ನು ಅವಳ ಕಡೆ ಸರಿಸಿದಳು.

ಚಮನಬೀ ಹಾಸುಗಲ್ಲಿನ ಮೇಲೆ ಕೂತಳು. ಒಂದು ಗುಟುಕು ಕುಡಿದಳು. ಮುಖ ಹಿಂಡಿದಳು.

"ಏ ಮೋನಿ, ಬೆಲ್ಲಕ್ಕೇನು ಬರ ಬಂದೈತೇನಬೇ ನಿನ್ನ ಮನ್ಯಾಗ?"